ಪ್ರವಾಸದ ನೆನಪು: ಮನೆಯಲ್ಲಿ ಉಳಿದವರಿಂದ ವಿನ್ಯಾಸ ಶುರುವಾಗಲಿ

ಮಾನ್ಯರೇ,

ಫೋನಿನ ಕ್ಯಾಮೆರಾದಲ್ಲಿ ಕಾಣುವ ನಮ್ಮೆದುರಿನ ಜಾಗದಲ್ಲಿ, ಅಲ್ಲಿಲ್ಲದ ವಸ್ತುವನ್ನೂ ಇರುವಂತೆಯೇ ತೋರಿಸುವ, ಎಆರ್ ಎಂದೇ ಪರಿಚಿತವಾಗಿರುವ ಆಗ್ಮೆಂಟೆಡ್ ರಿಯಾಲಿಟಿ ತಂತ್ರಜ್ಞಾನದ ಮೂಲಕ ಪ್ರವಾಸದ ನೆನಪುಗಳನ್ನು ಮನೆಮಂದಿಗೆ ತೋರಿಸುವ ಆ್ಯಪ್‌ಗಳನ್ನು ರೂಪಿಸಲು ಹೊರಟಿರುವ ನಮ್ಮ ಯುವ ವಿನ್ಯಾಸಕಾರರಿಗೆ ತಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬಯಸುತ್ತೇನೆ. ಹೋಗಿಬಂದವರ ಸಡಗರಕ್ಕಿಂತ, ಹೋಗಲಾಗದೆ ಮನೆಯಲ್ಲೇ ಉಳಿದವರನ್ನು ಮೊದಲು ನೆನೆದು ಇವುಗಳ ವಿನ್ಯಾಸ ಆರಂಭವಾಗಬೇಕು.

ಶ್ರವಣಬೆಳಗೊಳವನ್ನೇ ತೆಗೆದುಕೊಳ್ಳೋಣ. ಚಾವುಂಡರಾಯನು ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ನೋಡಲು ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಡೋಲಿಯ ವ್ಯವಸ್ಥೆ ಇದ್ದರೂ ಅದರಲ್ಲಿ ಕೂರಲು ಅಂಜುವ, ಮಂಡಿನೋವಿನಿಂದ ಬಳಲುವ ಹಿರಿಯರು ಮಕ್ಕಳು ಇಳಿದು ಬರುವವರೆಗೂ ಬೆಟ್ಟದ ಬುಡದಲ್ಲೇ ಕಾದು ಕುಳಿತಿರುವುದನ್ನು ಅಲ್ಲಿಗೆ ಹೋದವರೆಲ್ಲ ಕಂಡಿರುತ್ತಾರೆ. ಅಂಥವರಿಗೆ ಮೊಬೈಲ್‌ನಲ್ಲಿ ತೋರಿಸುವ ಫೋಟೊ ಆ ಮಹಾಮೂರ್ತಿಯನ್ನು ಅಂಗೈಯಗಲಕ್ಕೆ ಇಳಿಸಿಬಿಡುತ್ತದೆ. ಬಯಲಿನಲ್ಲಿ ನಿಂತು ಫೋನನ್ನು ಮೇಲೆತ್ತಿದಾಗ ನಿಜವಾದ ಅಳತೆಯಲ್ಲೇ ಮೂರ್ತಿಯನ್ನು ಕಾಣಿಸಿ, ಮುಖ ನೋಡಲು ಕತ್ತು ಹಿಂದಕ್ಕೆ ವಾಲಿಸುವಂತೆ ಮಾಡುವ ಶಕ್ತಿ ಎಆರ್‌ಗೆ ಇದೆ. ಆದರೆ ಅದು ಪೂಜೆಗೊಳ್ಳುವ ಮೂರ್ತಿ ಎಂಬುದನ್ನು ಮರೆಯಬಾರದು. ಚಪ್ಪಲಿ ಬಿಡುವ ಜಾಗದಲ್ಲೋ ಟೀಪಾಯಿಯ ಮೇಲೋ ಬೇಕೆಂದಂತೆ ಇಟ್ಟು ಆಡಲು ಬಿಡುವ ಮೊದಲು ಅಲ್ಲಿನ ಮಠದವರನ್ನೂ ಶ್ರಾವಕರನ್ನೂ ಕೇಳುವುದು ಕನಿಷ್ಠ ಸೌಜನ್ಯ.

ಮದುವೆಯಾದ ಹೊಸದರಲ್ಲಿ ಆ ಬೆಟ್ಟ ಹತ್ತಿದ್ದ ನಮ್ಮತ್ತೆಯವರು, ನಾವು ತಂದ ಫೋಟೊಗಳನ್ನು ನೋಡಿ ಮುಗಿಸಿದ ಮೇಲೆ ಕೇಳಿದ್ದು ಮೂರ್ತಿಯ ವಿಚಾರವನ್ನಲ್ಲ. "ಬಂಡೆ ಕಾದಿತ್ತೇನಮ್ಮಾ? ಕಾಲುಚೀಲ ಹಾಕ್ಕೊಂಡಿದ್ರಾ? ಮೇಲಿಂದ ಕಲ್ಯಾಣಿ ನೀರು ಕಾಣ್ತಿತ್ತಾ?" ಎಂದು ಕೇಳಿದರು. ಇದಕ್ಕೆಲ್ಲ ಉತ್ತರ ಇರುವುದು ಹತ್ತಿದ ದಾರಿಯಲ್ಲಿ. ಏದುಸಿರು ಬಿಡುತ್ತ ನಿಂತ ತಿರುವು, ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲಿನ ಮೇಲಿನ ಗಜಲಕ್ಷ್ಮಿ, ಎದುರಿಗೆ ಕಾಣುವ ಚಂದ್ರಗಿರಿ, ಹೀಗೆ ಒಂದೊಂದು ನಿಲುಗಡೆಗೂ ಅಲ್ಲೇ ನಿಂತು ಮಾತಾಡಿದ ಮಗನ ಅಥವಾ ಸೊಸೆಯ ದನಿಯನ್ನು, ಗಾಳಿಯ ಸದ್ದಿನ ಸಮೇತ, ಕೆಲವೇ ಸೆಕೆಂಡುಗಳಷ್ಟು ಜೋಡಿಸಿದರೆ ಸಾಕು. ಮಿಂಚುವ ಅಕ್ಷರ, ಹಾರುವ ಹೂವು, ಹಿನ್ನೆಲೆ ಸಂಗೀತ ಯಾವುದೂ ಬೇಕಿಲ್ಲ.

ಮನೆಗಳ ಸ್ಥಿತಿಯನ್ನೂ ವಿನ್ಯಾಸಕಾರರು ತಿಳಿದಿರಬೇಕು. ಎಆರ್ ಕೆಲಸ ಮಾಡಬೇಕಾದರೆ ಫೋನಿನ ಕ್ಯಾಮೆರಾ ನೆಲದ ಮೇಲಿನ ಗುರುತುಗಳನ್ನು ಹಿಡಿದುಕೊಳ್ಳಬೇಕು. ಹೊಳೆಯುವ ಬಿಳಿ ಟೈಲ್ಸ್ ಮತ್ತು ಮಂದ ಬೆಳಕಿನಲ್ಲಿ ಅದಕ್ಕೆ ನೆಲವೇ ಸಿಗದೆ ಚಿತ್ರ ತೇಲಾಡುತ್ತದೆ. "ದೀಪ ಹಾಕಿ, ಒಂದು ಪಟ್ಟೆ ಜಮಖಾನ ಹಾಸಿ" ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಸಾಧ್ಯವಾದರೆ ದನಿಯಲ್ಲೇ ಹೇಳುವ ಆ್ಯಪ್ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುತ್ತದೆ. ಫೋನ್ ಹಿಡಿದು ಕೋಣೆಯೆಲ್ಲ ಸುತ್ತು ಎಂದರೆ ಎಪ್ಪತ್ತು ದಾಟಿದವರಿಗೆ ಕೈ ಸೋಲುತ್ತದೆ, ಎಡವುವ ಅಪಾಯವೂ ಇದೆ. ಆದ್ದರಿಂದ ಕುರ್ಚಿಯಲ್ಲಿ ಕುಳಿತೇ ಎಲ್ಲವನ್ನೂ ನೋಡುವಂತಿರಬೇಕು. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಎಆರ್‌ಗೆ ಬೇಕಾದ ಸೆನ್ಸರ್‌ಗಳೇ ಇರುವುದಿಲ್ಲವಾದ್ದರಿಂದ, ಅಂಥ ಫೋನಿನಲ್ಲಿ ಅದೇ ಲಿಂಕ್ ಒತ್ತಿದರೆ ಫೋಟೊ ಮತ್ತು ದನಿಯಾದರೂ ತೆರೆದುಕೊಳ್ಳಬೇಕು.

ಇನ್ನು, ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿ, ಹಿಂದೆ ನಿಂತ ಅಪರಿಚಿತರ ಮುಖ, ನೋಡುವವರ ಮನೆಯ ಒಳಾಂಗಣ ಇವೆಲ್ಲ ಕುಟುಂಬದ ಆಚೆ ಹೋಗದಂತೆ ನೋಡಿಕೊಳ್ಳುವುದು ತಯಾರಕರ ಹೊಣೆ.

ಒಂದೊಂದು ಕುಟುಂಬವೂ ಸ್ಮಾರಕಗಳ ನಿಖರವಾದ ತ್ರಿ-ಆಯಾಮ ಮಾದರಿ ತಯಾರಿಸಲು ಆಗದು. ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳು ಕ್ಷೇತ್ರದವರ ಒಪ್ಪಿಗೆ ಪಡೆದು ರಾಜ್ಯದ ಪ್ರಮುಖ ಸ್ಮಾರಕಗಳ ಮಾದರಿಗಳನ್ನು ಉಚಿತವಾಗಿ ಒದಗಿಸಿ, ಜನರು ಅವಕ್ಕೆ ತಮ್ಮ ದನಿ ಸೇರಿಸಿಕೊಳ್ಳಲು ಅವಕಾಶ ಕೊಡಬೇಕು. ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಂಡರೆ, ಅದನ್ನು ಸಹಪಾಠಿಗಳ ಮುಂದೆ ತೋರಿಸುವ ಮೊದಲು ತಮ್ಮ ಅಜ್ಜ ಅಜ್ಜಿಯರ ಕೈಗೆ ಕೊಟ್ಟು ಪರೀಕ್ಷಿಸಬೇಕೆಂದು ಅವರ ಮಾರ್ಗದರ್ಶಕರಲ್ಲಿ ವಿನಂತಿಸುತ್ತೇನೆ.

– ಓರ್ವ ಓದುಗಿ, ಚನ್ನರಾಯಪಟ್ಟಣ