ಜಾಗ ನೋಡೋಕೆ ಪುಷ್ಯ ಮಳೇಲಿ ಬಾ

ಗೆಳೆಯಾ,

ಮಲೆನಾಡಲ್ಲಿ ಕುದುರೆ ಸಾಕಿ ಸವಾರಿ ಮಾಡೋಕೆ ಜಾಗ ತಗೋಬೇಕು ಅಂತ ನೀನು ಕಳಿಸಿದ ನಾಲ್ಕೂ ಜಾಗದ ಫೋಟೋ ವಿಡಿಯೋ ಎಲ್ಲಾ ನೋಡಿದೆ, ಆಗುಂಬೆ ಹತ್ರದ್ದನ್ನಂತೂ ಎರಡೆರಡು ಸಲ ನೋಡಿದೆ. ಚೆನ್ನಾಗಿದೆ ಮಾರಾಯ, ಯಾರು ಇಲ್ಲ ಅಂದ್ರು, ಹಿಂದೆ ಗುಡ್ಡ, ಮುಂದೆ ಹಳ್ಳ, ನಡುವೆ ಹಸಿರು ಬ್ಯಾಣ (ಹುಲ್ಲುಗಾವಲು), ಅಲ್ಲಿ ನಿನ್ನ ಎರಡು ಕುದುರೆ ಮೇಯ್ತಿದ್ರೆ ಹೇಗಿರ್ತದೆ ಅಂತ ನನಗೂ ಆಸೆ ಆಯ್ತು. ಆದ್ರೆ ಆ ಫೋಟೋ ಎಲ್ಲಾ ನವೆಂಬರಲ್ಲಿ ತೆಗೆದಿದ್ದು. ನವೆಂಬರಲ್ಲಿ ನಮ್ಮ ಕಡೆ ಯಾವ ಜಾಗ ಚೆನ್ನಾಗಿ ಕಾಣಲ್ಲ ಹೇಳು. ಅದಕ್ಕೇ ಕೇಳ್ಕೊತೀನಿ, ಅಡ್ವಾನ್ಸ್ ಕೊಡಬೇಡ ಈಗಲೇ. ಜುಲೈ ಕೊನೇಲಿ, ಪುಷ್ಯ ಮಳೆ ಜಡಿ ಹಿಡ್ಕೊಂಡಿರೋವಾಗ ಬಾ, ಗಮ್‌ಬೂಟ್ ಹಾಕ್ಕೊಂಡು ಅದೇ ಬ್ಯಾಣದಲ್ಲಿ ಒಂದಿಡೀ ದಿನ ಓಡಾಡು, ಆಮೇಲೆ ತೀರ್ಮಾನ ಮಾಡು.

ಇದನ್ನ ನಾನು ಅನುಭವಿಸಿ ಹೇಳ್ತಿರೋದು. ನಾನು ಮೊದಲನೇ ವರ್ಷ ಬಿದನೂರು ನಗರದ ಕಡೆ, ಹೊಸನಗರ ದಾಟಿ, ಮನೆ ಬಾಡಿಗೆಗೆ ಹಿಡಿದಿದ್ದು ನಿನಗೆ ನೆನಪಿರಬಹುದು, ನೀನು ಡಿಸೆಂಬರಲ್ಲಿ ಬಂದು ಹೋಗಿದ್ದೆ, ಮಳೆಗಾಲದಲ್ಲಿ ಬಂದಿರ್ಲಿಲ್ಲ. ಜೂನ್ ಎರಡನೇ ವಾರ ಶುರುವಾಗಿದ್ದು ಆಗಸ್ಟ್ ಮುಗಿಯೋವರೆಗೂ ನೆಲ ಒಂದು ದಿನ ಒಣಗಲಿಲ್ಲ. ಕೊಟ್ಟಿಗೆ ಹೊರಗೆ ಕಾಲು ಇಟ್ರೆ ಗೆಣ್ಣಿನ ತನಕ ಕೆಸರು, ಕಾಲು ಎತ್ತಿದ್ರೆ ಪಚಕ್ ಅಂತ ಸದ್ದು. ನನ್ನ ಕುದುರೆ ರಾಜ ರೇಸಿಂದ ರಿಟೈರ್ ಆಗಿ ಬಂದವನು, ಥರೋಬ್ರೆಡ್ ತಳಿ, ತೆಳು ಚರ್ಮ, ಚಪ್ಪಟೆ ಗೊರಸು. ಜುಲೈ ನಡುವಲ್ಲಿ ಒಂದು ದಿನ ಬೆಳಿಗ್ಗೆ ಅವನ ಮುಂಗಾಲು ಎತ್ತಿ ಮೊಣಕಾಲ ಮೇಲೆ ಇಟ್ಕೊಂಡು ಕೆಸರು ಕೆರೀತಿದ್ದೆ, ಕೊಳೆತ ಮಾಂಸದ ಥರ ವಾಸನೆ ಬಂತು. ಗೊರಸಿನ ಅಡಿ ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಇರ್ತದಲ್ಲ, ಫ್ರಾಗ್ ಅಂತಾರೆ, ಅದರ ಎರಡೂ ಪಕ್ಕದ ಸಂದಲ್ಲಿ ಕಪ್ಪಗೆ ಲೋಳೆ, ಕೆರೆಯೋ ಕಡ್ಡಿ ಸುಮ್ನೆ ಒಳಗೆ ಹೋಯ್ತು, ಅವನು ನೋವಿಗೆ ಕಾಲು ಕಿತ್ಕೊಂಡ. ಬೆನ್ನ ಮೇಲೆ ಕೈ ಆಡಿಸಿದ್ರೆ ಕೂದಲು ಹೊಪ್ಪಳೆ ಹೊಪ್ಪಳೆ ಆಗಿ ಕೈಗೆ ಬರ್ತಿತ್ತು, ಅದು ರೈನ್ ರಾಟ್, ಒದ್ದೆ ಚರ್ಮಕ್ಕೆ ಬರೋದು. ನಾನು ದಿನಾ ಎರಡು ಹೊತ್ತು ತಿಕ್ಕಿ ಒರೆಸ್ತಿದ್ದೆ, ಆದ್ರೂ ಬಂತು. ಪಕ್ಕದ ತೋಟದವ್ರು ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋಕೆ ಇಟ್ಟಿದ್ದ ಮೈಲುತುತ್ತ ಸ್ವಲ್ಪ ಕೊಟ್ರು, ಡಾಕ್ಟರನ್ನ ಫೋನಲ್ಲಿ ಕೇಳಿ ತೆಳ್ಳಗೆ ಕಲಸಿ ಹತ್ತೀಲಿ ಅದ್ದಿ ಆ ಸಂದಿಗೆ ತುಂಬ್ತಾ ಹೋದೆ, ಒಣ ನೆಲ ಬೇಕಲ್ಲ ಅಂತ ಕೊಟ್ಟಿಗೇಲಿ ದರಗು (ಒಣ ಎಲೆ), ಹೊಟ್ಟು, ಸೋಗೆ ಸಿಕ್ಕಿದ್ದೆಲ್ಲಾ ಹಾಸಿದೆ. ವಾಸಿ ಆಗೋಕೆ ಸೆಪ್ಟೆಂಬರ್ ಕೊನೆ ಆಯ್ತು. ಆ ಎರಡೂವರೆ ತಿಂಗಳು ಅವನ ಮೇಲೆ ಕೂರೋದಿರಲಿ, ಅವನು ಕುಂಟ್ತಾ ನೀರಿನ ತೊಟ್ಟಿ ಹತ್ರ ಹೋಗೋದು ನೋಡೋಕೆ ಆಗ್ತಿರ್ಲಿಲ್ಲ.

ನೋಡು, ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರೋ ಶಿವಮೊಗ್ಗ ಪೇಟೇಲಿ ಸಾವಿರದ ಆಸುಪಾಸು. ಒಂದೇ ಜಿಲ್ಲೆ, ಮಳೆ ಮಾತ್ರ ಏಳು ಪಟ್ಟು ವ್ಯತ್ಯಾಸ. ಕುದುರೆ ಮೂಲದಲ್ಲಿ ಒಣ ಬಯಲಿನ ಪ್ರಾಣಿ, ಎಮ್ಮೆ ಥರ ಅಲ್ಲ. ಕೆಳದಿ ನಾಯಕರು ಕುದುರೆ ಸಾಕಿರ್ಲಿಲ್ವಾ, ಬಿದನೂರೇ ಅವ್ರ ರಾಜಧಾನಿ ಅಲ್ವಾ ಅಂತ ನೀನು ಕೇಳಿದ್ದೆ. ಸಾಕಿದ್ರು, 1763ರಲ್ಲಿ ಹೈದರಾಲಿ ಬಿದನೂರು ತಗೊಂಡ ಮೇಲೆ ಅವನ ಕುದುರೆನೂ ಅಲ್ಲಿ ಓಡಾಡಿದವು. ಆದ್ರೆ ಆ ಕಾಲದ ಒಳ್ಳೇ ಕುದುರೆ ಹಡಗಲ್ಲಿ ಕರಾವಳಿಗೆ ಬಂದು ಇಳೀತಿದ್ವು, ಭಟ್ಕಳದಿಂದ ವಿಜಯನಗರಕ್ಕೆ ಹೋಗ್ತಿದ್ವಲ್ಲ, ಹಾಗೆ. ಮೈಸೂರಿನವ್ರು ಕುದುರೆ ಫಾರಂ ಅಂತ ಮಾಡಿದ್ದು ಕುಣಿಗಲ್‌ನಲ್ಲಿ, ದಂಡಿನ ದನಕ್ಕೆ ಅಮೃತಮಹಲ್ ಕಾವಲು ಬಿಟ್ಟಿದ್ದು ಕಡೂರು, ಅಜ್ಜಂಪುರ ಆ ಕಡೆ ಒಣ ಹುಲ್ಲುಗಾವಲಲ್ಲಿ. ಪ್ರಾಣಿ ಎಲ್ಲಿ ಗಟ್ಟಿಯಾಗಿ ಬೆಳೀತದೆ ಅಂತ ಅವ್ರಿಗೆ ಗೊತ್ತಿತ್ತು ಅನ್ಸತ್ತೆ ನನಗೆ.

ಹಾಗಂತ ಮಲೆನಾಡು ಬಿಟ್ಟು ಬಯಲುಸೀಮೆಗೆ ಹೋಗು ಅಂತ ಹೇಳಲ್ಲ. ನಾನೇ ಬಿಟ್ಟಿಲ್ಲ, ಈಗ ಆನಂದಪುರದಲ್ಲಿದೀನಿ. ನನ್ನ ಮಾತು ಇಷ್ಟೇ, ಗಟ್ಟದ ಅಂಚು ಬಿಟ್ಟು ಅರೆಮಲೆನಾಡಿಗೆ ಬಾ. ಆನಂದಪುರ, ರಿಪ್ಪನ್‌ಪೇಟೆಯ ಪೂರ್ವದ ಕಡೆ, ಶಿಕಾರಿಪುರದ ಪಶ್ಚಿಮದ ಕಡೆ, ಈ ಪಟ್ಟೀಲಿ ಹುಡುಕು. ಮಳೆ ಬರ್ತದೆ ಆದ್ರೆ ನಡುನಡುವೆ ಬಿಡ್ತದೆ, ಬಿಟ್ಟಾಗ ಗರಸು ಮಣ್ಣಿನ ದಿಣ್ಣೆ ಅರ್ಧ ದಿನದಲ್ಲಿ ನೀರು ಕುಡಿದು ಗಟ್ಟಿ ಆಗ್ತದೆ. ಪುರದಾಳು, ಉಂಬ್ಳೇಬೈಲು ಕಡೆ ಬೇಡ, ಶಿವಮೊಗ್ಗಕ್ಕೆ ಹತ್ರ ಅಂತ ಆಸೆ ಆಗ್ತದೆ ಆದ್ರೆ ಅಲ್ಲಿ ಆನೆ ಬರ್ತವೆ, ರಾತ್ರಿ ಪಟಾಕಿ ಹೊಡೆದು ಓಡಿಸ್ತಾರೆ, ಕುದುರೆ ಆ ಸದ್ದಿಗೆ ಬೇಲಿ ಹರ್ಕೊಂಡು ಹೋಗ್ತದೆ. ತೀರ್ಥಹಳ್ಳಿ ಸುತ್ತ ನೋಡೋಕೆ ಸ್ವರ್ಗ, ಆದ್ರೆ ಸವಾರಿಗೆ ನನಗೆ ಕಷ್ಟ ಅನ್ಸಿದ್ದು ಆ ಅಗಳಗಳು, ಅಂದ್ರೆ ಕಂದಕಗಳು, ಪ್ರತಿ ತೋಟದ ಸುತ್ತ ಆಳು ಮುಳುಗೋಷ್ಟು ಆಳ, ಮೇಲೆ ಪೊದೆ ಬೆಳೆದು ಬಾಯಿ ಮುಚ್ಚಿರ್ತದೆ.

ಜಾಗ ನೋಡೋಕೆ ಹೋದಾಗ ಒಂದು ಹಾರೆ ತಗೊಂಡು ಹೋಗು. ಕುದುರೆ ಕಟ್ಬೇಕು ಅನ್ಕೊಂಡಿರೋ ಜಾಗದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಮಳೆ ನೀರು ಬೀಳದ ಹಾಗೆ ಮೇಲೆ ತಗಡು ಮುಚ್ಚಿ ಒಂದು ಗಂಟೆ ಬಿಡು. ತಳದಿಂದ ನೀರು ಒಸರಿ ತುಂಬ್ತು ಅಂದ್ರೆ ಆ ಜಾಗ ಗದ್ದೆಗೆ ಒಳ್ಳೇದು, ನಿನಗಲ್ಲ. ನೆಲ ಜಂಬಿಟ್ಟಿಗೇದಾ, ನೀರು ನಿಲ್ಲೋ ಜೇಡೀದಾ ನೋಡು. ಹಿಂದಿನ ಎರಡು ಮೂರು ವರ್ಷ ಶುಂಠಿ ಹಾಕಿದ್ರಾ ಕೇಳು, ಶುಂಠಿಗೆ ಸುರಿಯೋ ಔಷಧಿ ನಿನಗೆ ಗೊತ್ತಲ್ಲ, ಬಾವಿ ನೀರು ಟೆಸ್ಟ್ ಮಾಡಿಸದೆ ಕುದುರೆಗೆ ಕೊಡಬೇಡ, ಒಂದು ಕುದುರೆ ದಿನಕ್ಕೆ ಮೂವತ್ತು ನಲವತ್ತು ಲೀಟರ್ ಕುಡೀತದೆ. ಬೇಲಿ ಸಾಲಲ್ಲಿ ಲಂಟಾನ ಇದ್ರೆ ಬೇರು ಸಮೇತ ಕೀಳಿಸು, ಅದು ಜಾನುವಾರಿಗೆ ವಿಷ.

ಕಾಗದದ ವಿಷ್ಯ ನಿನ್ನ ವಕೀಲರು ನೋಡ್ತಾರೆ, 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವ್ರೂ ಜಮೀನು ತಗೊಳ್ಳೋಕೆ ತೊಂದರೆ ಇಲ್ಲ. ಆದ್ರೆ "ತೋಟದ ಜೊತೆ ಎಂಟು ಎಕರೆ ಬೆಟ್ಟನೂ ಬರ್ತದೆ" ಅಂತ ಯಾರಾದ್ರೂ ಅಂದ್ರೆ ಹುಷಾರು. ಸೊಪ್ಪಿನಬೆಟ್ಟ ಅಂದ್ರೆ ಸೊಪ್ಪು ದರಗು ತರೋ ಹಕ್ಕು ಅಷ್ಟೇ, ಸ್ವಂತದ್ದಲ್ಲ, ಅಲ್ಲಿ ಲಾಯ ಕಟ್ಟೋಕಾಗಲ್ಲ. ಪಹಣೀಲಿ ಎಷ್ಟಿದೆಯೋ ಅಷ್ಟೇ ನಿಂದು.

ಈಗ ಸವಾರಿ ದಾರಿ ಬಗ್ಗೆ, ನೀನು ಜಾಸ್ತಿ ಕೇಳಿದ್ದು ಅದೇ ಅಲ್ವಾ. ಸ್ವಂತ ಜಾಗ ಎಷ್ಟು ದೊಡ್ಡದಿದ್ರೂ ಸವಾರಿಗೆ ಸಾಲಲ್ಲ, ನೀನು ಓಡಾಡೋದು ಊರಿನವ್ರ ನೆಲದಲ್ಲೇ. ಅಭಯಾರಣ್ಯದೊಳಗೆ, ಶೆಟ್ಟಿಹಳ್ಳಿ ಆಗ್ಲಿ ಶರಾವತಿ ಕಣಿವೆ ಆಗ್ಲಿ, ಪರ್ಮಿಷನ್ ಇಲ್ದೆ ಕುದುರೆ ತಗೊಂಡು ಹೋಗೋ ಹಾಗಿಲ್ಲ, ಉಳಿದ ಕಾಡಿಗೂ ಅಕೇಶಿಯಾ ಪ್ಲಾಂಟೇಷನ್‌ಗೂ ರೇಂಜ್ ಆಫೀಸಲ್ಲಿ ಮೊದ್ಲೇ ಕೇಳ್ಬೇಕು. ಹಾಗಾಗಿ ಜಾಗದ ಸುತ್ತ ಗಾಡಿದಾರಿ, ಕೆರೆ ಏರಿ, ಕೊಯ್ಲಾದ ಗದ್ದೆ, ಹಕ್ಲು (ಖುಷ್ಕಿ ಜಾಗ) ಎಷ್ಟಿದೆ ಅಂತ ನಡೆದು ನೋಡು, ಅಕ್ಕಪಕ್ಕದವ್ರ ಮನೇಲಿ ಕೂತು ಕಾಫಿ ಕುಡಿದು ಬಾ.

ಹೋದ ಭಾನುವಾರದ್ದು ಹೇಳ್ತೀನಿ. ಆರೂವರೆಗೆ ನನ್ನ ಇನ್ನೊಂದು ಕುದುರೆ ಗೌರಿ ಮೇಲೆ ಜೀನು ಬಿಗಿದು ಹೊರಟೆ, ಇಬ್ಬನಿ ಎಷ್ಟಿತ್ತು ಅಂದ್ರೆ ಅವಳ ಕಿವಿ ತುದಿ ಬಿಟ್ರೆ ಮುಂದೇನೂ ಕಾಣ್ತಿರ್ಲಿಲ್ಲ, ಕಾಠಿಯಾವಾಡಿ ತಳಿ ಕಿವಿ ನೋಡು, ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ತವೆ, ಆ ಎರಡು ತುದಿ ನಡುವಿಂದಾನೇ ದಾರಿ ನೋಡ್ಕೊಂಡು ಹೋದೆ. ಕೂಳೆ ಗದ್ದೇಲಿ ನಡಿಗೆ, ಕೆರೆ ಏರಿ ಮೇಲೆ ಸ್ವಲ್ಪ ಟ್ರಾಟ್ (ಮೆಲ್ಲಗಿನ ಓಟ), ಆಮೇಲೆ ಒಬ್ರ ಹಕ್ಲು ಶುರುವಾಗೋ ಕಡೆ ದಣಪೆ. ಇಳಿದು ಬಿದಿರು ಗಳ ಸರಿಸಿ, ಅವಳನ್ನ ದಾಟಿಸಿ, ಮತ್ತೆ ಮೂರೂ ಗಳ ಇದ್ದ ಹಾಗೇ ಹಾಕಿದೆ. ಅಲ್ಲೊಬ್ರು ಅಜ್ಜಿ ಸೊಪ್ಪಿನ ಹೊರೆ ಇಳಿಸಿ ಕೂತಿದ್ರು, "ಎಂತಾ, ಇವತ್ತು ಕರಿಯಣ್ಣ ಬರ್ಲಿಲ್ವಾ" ಅಂದ್ರು, ರಾಜ ಕಪ್ಪಗಿದಾನಲ್ಲ, ಅವನಿಗೆ ಅವ್ರಿಟ್ಟ ಹೆಸ್ರು. ಸೆರಗಿನ ಗಂಟಿಂದ ಬೆಲ್ಲದ ಚೂರು ತೆಗೆದು ಗೌರಿಗೆ ಕೊಟ್ರು. ಅಲ್ಲಿಂದ ಮುಂದೆ ಚಂಪಕ ಸರಸು, ಕೆಳದಿ ನಾಯಕರ ಕಾಲದ ಕೊಳ, ನಡುವೆ ಪುಟ್ಟ ಗುಡಿ, ನಾವು ಹೋಗೋಷ್ಟೊತ್ತಿಗೆ ಬಿಸಿಲು ಬಿದ್ದು ನೀರ ಮೇಲಿನ ಹೊಗೆ ಎದ್ದು ಹೋಗ್ತಿತ್ತು. ದೂರದಲ್ಲೇ ನಿಲ್ಲಿಸಿ ಇಬ್ರೂ ಹತ್ತು ನಿಮಿಷ ಸುಮ್ನೆ ನಿಂತಿದ್ವಿ.

ಆ ಅಜ್ಜಿ ಮನೆಯವ್ರ ಜೊತೆ ನಾನು ಇಲ್ಲಿಗೆ ಬಂದ ಮೊದಲನೇ ವರ್ಷ ನನ್ನದು ಮಾತುಕತೆನೇ ಇರ್ಲಿಲ್ಲ. ರಾಜ ಹಗ್ಗ ಕಿತ್ಕೊಂಡು ಅವ್ರ ಭತ್ತದ ಸಸಿಮಡಿ ಮೇಲೆ ಓಡಾಡಿಬಿಟ್ಟಿದ್ದ, ನೆಟ್ಟಿಗೆ ಇನ್ನು ವಾರ ಇತ್ತು. ಅವ್ರು ಬೈದಿದ್ದರಲ್ಲಿ ಒಂದು ಮಾತೂ ತಪ್ಪಿರ್ಲಿಲ್ಲ. ನಾನು ಬೇರೆ ಕಡೆಯಿಂದ ಸಸಿ ತಂದುಕೊಟ್ಟು ಮೂರು ದಿನ ನೆಟ್ಟಿಗೂ ಹೋದೆ. ಈಗ ನನ್ನ ಕೊಟ್ಟಿಗೆ ಗೊಬ್ಬರ ಅಷ್ಟೂ ಅವ್ರ ಅಡಿಕೆ ಬುಡಕ್ಕೆ ಹೋಗ್ತದೆ, ಅವ್ರ ಹಕ್ಲಲ್ಲಿ ನನಗೆ ದಾರಿ.

ಇನ್ನೊಂದು ತುಂಬಾ ಮುಖ್ಯದ್ದು. ಸವಾರಿಗೆ ಒಳ್ಳೇ ಕಾಲ ಅಂದ್ರೆ ಡಿಸೆಂಬರಿಂದ ಮೇ, ಮಂಗನ ಕಾಯಿಲೆ ಕಾಲನೂ ಅದೇ. 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಜನ ಹೋದ್ರು ನೆನಪಿದೆಯಲ್ಲ. ಉಣುಗು ಕಚ್ಚಿ ಬರೋದು, ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣ, ಕುದುರೆ ಮೈಮೇಲೆ ಕೂತು ಸೀದಾ ನಿನ್ನ ಮನೆಗೆ ಬರ್ತದೆ. ಹಳೇ ಲಸಿಕೆ ನಿಲ್ಲಿಸಿದಾರೆ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಎಣ್ಣೆ ಕೈಕಾಲಿಗೆ ಹಚ್ಕೊಂಡೇ ಹೋಗು, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡು, ಕುದುರೆಗೆ ಕಿವಿ ಒಳಗೆ, ಜೂಲಿನ ಬುಡ, ತೊಡೆ ಸಂದು, ಬಾಲದ ಕೆಳಗೆ ಬೆರಳಾಡಿಸಿ ನೋಡು. ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಆ ಕಡೆ ತಲೆ ಹಾಕಬೇಡ, ಆಸ್ಪತ್ರೆಗೆ ತಿಳಿಸು. ನಿನ್ನ ಮಕ್ಕಳೂ ಕುದುರೆ ಹತ್ರ ಬರ್ತಾರಲ್ಲ, ಅದಕ್ಕೆ ಇಷ್ಟು ಒತ್ತಿ ಹೇಳ್ತಿದೀನಿ.

ಮೇವಿನ ಲೆಕ್ಕ ಈಗಲೇ ಹಾಕ್ಕೋ. 400 ಕೆಜಿ ಕುದುರೆಗೆ ದಿನಕ್ಕೆ ಎಂಟು ಕೆಜಿ ಒಣ ಮೇವು, ಎರಡಕ್ಕೆ ಹದಿನಾರು, ಜೂನಿಂದ ಅಕ್ಟೋಬರ್ ತನಕ ನೂರೈವತ್ತು ದಿನಕ್ಕೆ 2,400 ಕೆಜಿ. ಅಷ್ಟೂ ಮೇ ಕೊನೆ ಒಳಗೆ ಅಟ್ಟ ಸೇರ್ಬೇಕು, ನೆಲದಿಂದ ಮೇಲೆ, ಗಾಳಿ ಆಡೋ ಹಾಗೆ. ಬೂಷ್ಟು ಹಿಡಿದಿದ್ದು ಒಂದು ಹಿಡಿ ಹಾಕಿದ್ರೂ ಕೆಮ್ಮು, ಹೊಟ್ಟೆನೋವು, ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಹೋಯ್ತು. ನಮ್ಮ ಬೈಹುಲ್ಲು ಒಂದನ್ನೇ ನಂಬಬೇಡ, ಅದರಲ್ಲಿ ಸತ್ವ ಕಡಿಮೆ. ಶಿಕಾರಿಪುರ, ಚನ್ನಗಿರಿ ಕಡೆಯಿಂದ ಒಣ ಮೇವು ತರಿಸ್ಬೇಕು, ಹುರುಳಿ ಬೇಯಿಸಿ ಕೊಡು. ಔಷಧಿ ಹೊಡೆದ ತೋಟದ ಹುಲ್ಲು ನಾನಂತೂ ಹಾಕಲ್ಲ.

ಡಾಕ್ಟರ ವಿಷ್ಯಕ್ಕೂ ಆನಂದಪುರದ ಕಡೆನೇ ವಾಸಿ. ಶಿವಮೊಗ್ಗ ವಿನೋಬನಗರದಲ್ಲಿ ವೆಟರ್ನರಿ ಕಾಲೇಜಿದೆ, ಹೆಚ್ಚು ಕಡಿಮೆ 50 ಕಿಲೋಮೀಟರ್, ಹೈವೇ. ಬಿದನೂರು ನಗರದ ಹಳೇ ಮನೇಲಿದ್ದಾಗ ಒಂದು ರಾತ್ರಿ ಗೌರಿಗೆ ಹೊಟ್ಟೆನೋವು ಬಂದು ಹೊರಳಾಡ್ತಿದ್ಲು, ದಾರಿಗೆ ಮರ ಬಿದ್ದು ಕರೆಂಟಿಲ್ಲ, ನೆಟ್ವರ್ಕಿಲ್ಲ, ಬೆಳಗಿನ ತನಕ ಮಳೇಲಿ ಕಂಬಳಿಕೊಪ್ಪೆ ಹಾಕ್ಕೊಂಡು ಅವಳನ್ನ ನಡೆಸ್ತಾ ಇದ್ದೆ. ಬದುಕಿದ್ಲು. ಆ ವರ್ಷವೇ ಮನೆ ಖಾಲಿ ಮಾಡ್ದೆ. ಗೊರಸು ಕತ್ತರಿಸೋರು ಮಾತ್ರ ಇಲ್ಲಿ ಸಿಗಲ್ಲ, ಶಿಕಾರಿಪುರದ ಕಡೆ ಎತ್ತಿಗೆ ಲಾಳ ಕಟ್ಟೋರಿದಾರೆ ಆದ್ರೆ ಎತ್ತಿನ ಗೊರಸು ಸೀಳು, ಲಾಳ ಎರಡು ತುಂಡು, ಕೆಲಸ ಬೇರೆ. ನಾನು ಬೆಂಗಳೂರಿಂದ ಆರೇಳು ವಾರಕ್ಕೊಮ್ಮೆ ಕರೆಸ್ತೀನಿ, ನೀನು ಬಂದ್ರೆ ಖರ್ಚು ಹಂಚ್ಕೊಬಹುದು.

ಇಲ್ಲಿಂದ ನಾಲ್ಕು ಕಿಲೋಮೀಟರಲ್ಲಿ ಮೂರೂವರೆ ಎಕರೆ ಇದೆ, ದಿಣ್ಣೆ ಮೇಲೆ, ಗರಸು ಮಣ್ಣು, ವ್ಯೂ ಅಂತ ಏನಿಲ್ಲ, ಒಂದು ಕೆರೆ ಕಾಣ್ತದೆ ಅಷ್ಟೇ. ಅವ್ರು ಆಗಸ್ಟ್ ತನಕ ಕಾಯ್ತೀವಿ ಅಂದಿದಾರೆ. ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸು, ಆನಂದಪುರದಲ್ಲಿ ಇಳ್ಕೋ, ನಾನು ಸ್ಟೇಷನ್ನಿಗೆ ಬರ್ತೀನಿ. ಮೊದ್ಲು ಆಗುಂಬೆ ಹತ್ರದ್ದೇ ನೋಡೋಣ, ಗಮ್‌ಬೂಟು ನನ್ನ ಹತ್ರ ಎರಡು ಜೊತೆ ಇದೆ, ಹಾರೆ ಜೀಪಲ್ಲಿ ಹಾಕಿರ್ತೀನಿ.

ನಿನ್ನ ಗೆಳೆಯ,
ಆನಂದಪುರದಿಂದ