ವಿಡಿಯೋದಲ್ಲಿ ತೋರಿಸಿದ ಟ್ರಾನ್ಸ್‌ಫಾರ್ಮರ್ ಪರೀಕ್ಷೆಯನ್ನು ಮತ್ತೆ ಮಾಡಿಕೊಡುವ ಬಗ್ಗೆ ದೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಟ್ರಾನ್ಸ್‌ಫಾರ್ಮರ್ ಮಾರಾಟ ವಿಭಾಗ, ಬೆಂಗಳೂರು

ವಿಷಯ: 630 ಕೆವಿಎ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನ ಆನ್‌ಲೈನ್ ಪರೀಕ್ಷೆಯಲ್ಲಿ ಆದ ಲೋಪಗಳು

ಮಾನ್ಯರೇ,

ನಮಸ್ಕಾರ. ಗಂಗಾವತಿಯ ನಮ್ಮ ಅಕ್ಕಿ ಗಿರಣಿಗೆ ನಿಮ್ಮಲ್ಲಿ ಆರ್ಡರ್ ಮಾಡಿದ ಟ್ರಾನ್ಸ್‌ಫಾರ್ಮರ್‌ನ ಪರೀಕ್ಷಾ ವರದಿ ಕೈಸೇರಿದೆ. ಎಲ್ಲ ಪರೀಕ್ಷೆಗಳೂ ಗ್ರಾಹಕರ ಎದುರಿನಲ್ಲೇ ನಡೆದಿವೆ ಎಂದು ಅದರಲ್ಲಿ ಬರೆದಿದ್ದೀರಿ, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದೀರಿ. ನಾನು ಸಹಿ ಹಾಕುವುದಿಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಆರ್ಡರ್ ಕೊಡುವಾಗಲೇ ನಾವು ವಡೋದರದ ನಿಮ್ಮ ಕಾರ್ಖಾನೆಗೆ ಬಂದು ಪರೀಕ್ಷೆ ನೋಡುತ್ತೇವೆ ಎಂದು ಬರೆಸಿದ್ದೆವು. ಅಷ್ಟು ದೂರ ಬರುವುದು ಬೇಡ, ವಿಡಿಯೋ ಕಾಲ್‌ನಲ್ಲೇ ಎಲ್ಲಾ ತೋರಿಸುತ್ತೇವೆ ಎಂದವರು ನಿಮ್ಮವರೇ. ನಾವು ಖುಷಿಯಿಂದಲೇ ಒಪ್ಪಿದೆವು. 2020ರ ಲಾಕ್‌ಡೌನ್ ಕಾಲದಿಂದ ಎಷ್ಟೋ ಕಾರ್ಖಾನೆಗಳು ಹೀಗೆ ಮಾಡುತ್ತಿವೆ. ನಮ್ಮಂಥ ಸಣ್ಣ ಗಿರಣಿಗೆ ಓಡಾಟ, ಖರ್ಚು ಎರಡೂ ಉಳಿಯುತ್ತದೆ. ಆದರೆ ನಾವು ಬಿಟ್ಟುಕೊಟ್ಟಿದ್ದು ಪ್ರಯಾಣವನ್ನು ಮಾತ್ರ, ಪರೀಕ್ಷೆ ನೋಡುವ ಹಕ್ಕನ್ನಲ್ಲ.

ಅವತ್ತು ಆಗಿದ್ದು ಏನು? ಒಬ್ಬ ಹುಡುಗ ಕೈಯಲ್ಲಿ ಮೊಬೈಲ್ ಹಿಡಿದು ದೂರದಲ್ಲಿ ನಿಂತಿದ್ದ. ನೇಮ್‌ಪ್ಲೇಟ್ ಹತ್ತಿರದಿಂದ ತೋರಿಸಿ, ಸೀರಿಯಲ್ ನಂಬರ್ ಓದಬೇಕು ಎಂದು ಕೇಳಿದೆ. "ಆಮೇಲೆ ತೋರಿಸ್ತೀವಿ ಸರ್" ಎಂದರು, ಕೊನೆಯವರೆಗೂ ತೋರಿಸಲಿಲ್ಲ. ಹಾಗಾದರೆ ನಾನು ನೋಡಿದ್ದು ನಮ್ಮದೇ ಟ್ರಾನ್ಸ್‌ಫಾರ್ಮರಾ, ಪಕ್ಕದ್ದಾ?

ಎಲ್ಲಕ್ಕಿಂತ ಜಾಸ್ತಿ ಬೇಸರವಾಗಿದ್ದು ಹೈವೋಲ್ಟೇಜ್ ಪರೀಕ್ಷೆಯಲ್ಲಿ. 11 ಕೆವಿ (11,000 ವೋಲ್ಟ್) ವೈಂಡಿಂಗ್‌ಗೆ, ಅಂದರೆ ಒಳಗಿನ ತಂತಿ ಸುರುಳಿಗೆ, 28 ಕೆವಿ ಕೊಟ್ಟು 60 ಸೆಕೆಂಡ್ ಹಿಡಿಯಬೇಕು. ಮೀಟರ್ 28ಕ್ಕೆ ಏರಿದ್ದು ಕಂಡಿತು, ಎಣಿಕೆ ಶುರುವಾಯಿತು. ನಡುವೆಯೇ ಚಿತ್ರ ನಿಂತುಹೋಯಿತು, ದನಿಯೂ ಹೋಯಿತು. ಮತ್ತೆ ಬಂದಾಗ ನಿಮ್ಮ ಆಪರೇಟರ್ ಆಗಲೇ ಪರೀಕ್ಷೆ ಮುಗಿಸಿ, ಬುಶಿಂಗ್‌ಗೆ (ವೈಂಡಿಂಗ್‌ನ ತುದಿ ಹೊರಬರುವ ಜಾಗಕ್ಕೆ) ಉಳಿದ ಚಾರ್ಜ್ ಇಳಿಸುವ ಅರ್ಥಿಂಗ್ ರಾಡ್ ಮುಟ್ಟಿಸುತ್ತಿದ್ದರು. "ಪಾಸ್ ಆಯ್ತು ಸರ್." ಆ 60 ಸೆಕೆಂಡಿನಲ್ಲಿ ವೋಲ್ಟೇಜ್ ಕುಸಿಯಲಿಲ್ಲ ಎಂದು ಕಣ್ಣಾರೆ ನೋಡುವುದೇ ಈ ಪರೀಕ್ಷೆಗೆ ಸಾಕ್ಷಿಯಾಗುವುದು ಅಲ್ವಾ? ಪಕ್ಕದಲ್ಲೇ ನಿಂತವರಿಗೆ ಟ್ಯಾಂಕ್ ಒಳಗೆ ಚಟ್ ಎಂದರೂ ಕೇಳಿಸುತ್ತದೆ. ನನಗೆ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಇನ್ನೊಮ್ಮೆ ಮಾಡಿ ಎಂದರೆ, ನೆಟ್‌ವರ್ಕ್ ತೊಂದರೆ ನಿಮ್ಮ ಕಡೆಯದು ಎಂಬ ಉತ್ತರ ಬಂತು. ಯಾರ ಕಡೆಯದಾದರೇನು, ನಾನು ನೋಡಲಿಲ್ಲ ಎಂಬುದಂತೂ ನಿಜ.

ಇನ್ನು ಇಂಡ್ಯೂಸ್ಡ್ ವೋಲ್ಟೇಜ್ ಪರೀಕ್ಷೆ. 433 ವೋಲ್ಟ್ ಕಡೆಗೆ ಎರಡರಷ್ಟು, ಅಂದರೆ 866 ವೋಲ್ಟ್, 100 ಹರ್ಟ್ಸ್‌ನಲ್ಲಿ ಕೊಡುವುದು. ಅದನ್ನು ಬೆಳಿಗ್ಗೆಯೇ ಮುಗಿಸಿದ್ದೇವೆ ಎಂದರು. 28 ಕೆವಿ ಪರೀಕ್ಷೆಯಲ್ಲಿ ವೈಂಡಿಂಗ್‌ನ ತುದಿಗಳನ್ನೆಲ್ಲಾ ಒಟ್ಟಿಗೆ ಕಟ್ಟಿರುತ್ತೀರಿ, ಅಲ್ಲಿ ತಂತಿಯ ಸುತ್ತು-ಸುತ್ತಿನ ನಡುವಿನ ಇನ್ಸುಲೇಶನ್ (ವಿದ್ಯುತ್ ಹಾಯದಂತೆ ತಡೆಯುವ ಹೊದಿಕೆ) ಗಟ್ಟಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇದರಲ್ಲೇ. ಇದನ್ನೇ ತೋರಿಸದೆ, ವರದಿಯಲ್ಲಿ ಮಾತ್ರ ಗ್ರಾಹಕರ ಎದುರು ಮಾಡಿದ್ದು ಎಂದು ಬರೆದದ್ದು ತಪ್ಪು.

ಲಾಸ್, ಅಂದರೆ ಟ್ರಾನ್ಸ್‌ಫಾರ್ಮರ್ ಒಳಗೇ ಪೋಲಾಗುವ ವಿದ್ಯುತ್ತು, ಅದರ ಅಳತೆಯ ವಿಷಯವೂ ಹೀಗೇ. ಪವರ್ ಅನಲೈಸರ್‌ನ ಅಂಕಿ ಮೊಬೈಲ್‌ನಲ್ಲಿ ಓದಲು ಆಗಲಿಲ್ಲ. ಸಿಟಿ, ಪಿಟಿಗೆ (ಅಳೆಯಲು ಕರೆಂಟ್, ವೋಲ್ಟೇಜನ್ನು ತಗ್ಗಿಸಿಕೊಡುವ ಉಪಕರಣಗಳಿಗೆ) ಎಷ್ಟರಿಂದ ಗುಣಿಸುತ್ತಿದ್ದೀರಿ ಎಂದು ಹೇಳಲಿಲ್ಲ. ಥರ್ಮಾಮೀಟರ್ ತೋರಿಸಲೇ ಇಲ್ಲ. ಇದು ಸಣ್ಣ ವಿಷಯವಲ್ಲ. ಲೋಡ್ ಲಾಸ್ (ಲೋಡ್ ಕರೆಂಟ್ ಹರಿಯುವಾಗ ಆಗುವ ನಷ್ಟ) ಅಳೆಯುವುದು ಅವತ್ತಿನ ಉಷ್ಣಾಂಶದಲ್ಲಿ, ವರದಿಯಲ್ಲಿ ಕೊಡುವುದು 75 ಡಿಗ್ರಿಗೆ ಲೆಕ್ಕ ಹಾಕಿ, ಯಾಕೆಂದರೆ ಬಿಸಿಯಾದಷ್ಟೂ ತಂತಿಯ ಪ್ರತಿರೋಧ ಹೆಚ್ಚುತ್ತದೆ. ನಿಜವಾಗಿ 30 ಡಿಗ್ರಿ ಇದ್ದು, 38 ಎಂದು ಬರೆದುಕೊಂಡರೆ, ತಾಮ್ರದ ವೈಂಡಿಂಗ್‌ನ ಪ್ರತಿರೋಧದಿಂದಾಗುವ ಲಾಸ್ ಸುಮಾರು 3 ಪರ್ಸೆಂಟ್ ಕಡಿಮೆ ಕಾಣುತ್ತದೆ. ನೀವು ಹಾಗೆ ಮಾಡಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಮಾಡಿಲ್ಲ ಎಂದು ಸಹಿ ಹಾಕಲು ನನ್ನ ಹತ್ತಿರ ಆಧಾರವಿಲ್ಲ, ಅಷ್ಟೇ.

ನೋ-ಲೋಡ್ ಲಾಸ್ ಅಂತೂ ನಮಗೆ ನೇರವಾಗಿ ದುಡ್ಡಿನ ಮಾತು. ಭತ್ತದ ಸೀಸನ್ ಮುಗಿದ ಮೇಲೆ ಗಿರಣಿಯಲ್ಲಿ ಕೆಲಸ ಕಡಿಮೆ. ಆದರೂ ಟ್ರಾನ್ಸ್‌ಫಾರ್ಮರ್ ಚಾರ್ಜ್ ಆಗಿಯೇ ಇರುತ್ತದೆ, ಈ ಲಾಸ್ ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ. ನೀವು ಒಪ್ಪಿದ್ದಕ್ಕಿಂತ 200 ವಾಟ್ ಜಾಸ್ತಿ ಇದ್ದರೂ ವರ್ಷಕ್ಕೆ 1,752 ಯೂನಿಟ್ ಸುಮ್ನೆ ಹೋದಂತೆ. ಎಷ್ಟೋ ವರ್ಷ ಬಾಳಬೇಕಾದ ಸಾಮಾನು ಇದು.

ಹಾಗಾಗಿ ರೂಟೀನ್ ಪರೀಕ್ಷೆಗಳನ್ನೆಲ್ಲಾ (ಪ್ರತಿ ಟ್ರಾನ್ಸ್‌ಫಾರ್ಮರ್‌ಗೂ ಮಾಡುವಂಥವನ್ನು) ನಿಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಡಿ. ಶುರು ಮಾಡುವುದೇ ನೇಮ್‌ಪ್ಲೇಟ್‌ನಿಂದ ಆಗಲಿ. ಒಂದು ಕ್ಯಾಮೆರಾ ಸ್ಟ್ಯಾಂಡ್ ಮೇಲೆ ನಿಂತು ಇಡೀ ಟೆಸ್ಟ್ ಜಾಗವನ್ನು ತೋರಿಸಲಿ, ಇನ್ನೊಂದು ಮೀಟರ್‌ಗಳ ಮೇಲೇ ಇರಲಿ. ಅನಲೈಸರ್‌ನ ಸ್ಕ್ರೀನ್ ನೇರವಾಗಿ ಹಂಚಿಕೊಳ್ಳಿ, ಮೈಕ್ ಆಫ್ ಮಾಡಬೇಡಿ. ಸಂಪರ್ಕ ಕಡಿದರೆ ಆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. 28 ಕೆವಿ ಮತ್ತು ಇಂಡ್ಯೂಸ್ಡ್ ಪರೀಕ್ಷೆಯ ವೋಲ್ಟೇಜನ್ನು ಮೇಲಿಂದ ಮೇಲೆ ಕೊಡುವುದು ಇನ್ಸುಲೇಶನ್‌ಗೆ ಒಳ್ಳೆಯದಲ್ಲ ಎಂಬುದು ನನಗೂ ಗೊತ್ತು. ಅದಕ್ಕೇ ಹಿಂದಿನ ದಿನವೇ ಲೈನ್ ಪರೀಕ್ಷಿಸಿ ನೋಡಿ, ಬದಲಿ ಇಂಟರ್‌ನೆಟ್ ಇಟ್ಟುಕೊಳ್ಳಿ. ಮೀಟರ್‌ಗಳ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಮತ್ತು ಪರೀಕ್ಷೆಯ ಕಾರ್ಯಕ್ರಮವನ್ನು ಮುಂಚೆಯೇ ಕಳಿಸಿ, ಆಮೇಲೆ ಪೂರ್ತಿ ರೆಕಾರ್ಡಿಂಗ್ ಕೊಡಿ. ಇದೆಲ್ಲಾ ಆಗುವುದಿಲ್ಲ ಎಂದರೆ ಹೇಳಿ, ನಾವೇ ವಡೋದರಕ್ಕೆ ಬರುತ್ತೇವೆ. ಆಗ ಓಡಾಟದ ಖರ್ಚು ನೀವು ಕೊಡಬೇಕು.

ಇದೇ ವರದಿಯನ್ನು ನಾವು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಸಲ್ಲಿಸಬೇಕು. ನೋಡದೇ ಇದ್ದದ್ದನ್ನು ನೋಡಿದೆ ಎಂದು ಅವರ ಮುಂದೆ ಇಡಲು ನನ್ನಿಂದಾಗುವುದಿಲ್ಲ. ಈಗಿನ ವರದಿಯನ್ನು ವಾಪಸ್ ಪಡೆದಿದ್ದೇವೆ ಎಂದು ಬರವಣಿಗೆಯಲ್ಲಿ ತಿಳಿಸಿ, ಒಂದು ವಾರದೊಳಗೆ ಹೊಸ ದಿನಾಂಕ ಕೊಡಿ. ನಮ್ಮ ಒಪ್ಪಿಗೆ ಪತ್ರ ಬರುವ ತನಕ ಟ್ರಾನ್ಸ್‌ಫಾರ್ಮರ್‌ನ್ನು ಲಾರಿಗೆ ಹತ್ತಿಸಬೇಡಿ. ಕಳಿಸಿದರೆ ಇಳಿಸಿಕೊಳ್ಳುವುದಿಲ್ಲ, ಬಾಕಿ ಹಣವನ್ನೂ ಬಿಡುಗಡೆ ಮಾಡುವುದಿಲ್ಲ.

ಇಂತಿ,
ಎಲೆಕ್ಟ್ರಿಕಲ್ ಮೇಲ್ವಿಚಾರಕ,
ಅಕ್ಕಿ ಗಿರಣಿ, ಗಂಗಾವತಿ