ಹೆಸರು ಹಿಡಿದು ಬಡಿಸುವ ಹಾಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಹೊಸ ಊರು, ಹೊಸ ಕೆಲಸ, ರಾತ್ರಿ ಪಾರ್ಸೆಲ್ ಊಟ, ಅದೂ ಒಬ್ಬನೇ ಕೂತು. ಓದಿ ಕರುಳು ಚುರ್ ಅಂತು ಮಾರಾಯ. ಇಲ್ಲಿಂದ ಅನ್ನ ಕಳಿಸಲು ಆಗುವುದಿಲ್ಲ. ಅದಕ್ಕೇ ಒಂದು ಹಾಡಿನ ಸುದ್ದಿ ಕಳಿಸುತ್ತಿದ್ದೇನೆ. ಹದಿನೈದು ದಿನದಿಂದ ರಾತ್ರಿ ಪಾತ್ರೆ ತೊಳೆಯುವಾಗ ನಾನು ಇದನ್ನೇ ಹಾಕಿಕೊಳ್ಳುತ್ತಿದ್ದೇನೆ.

ಹೆಸರು ‘ಎವ್ರಿಬಡಿ ಈಟ್ಸ್ ವೆನ್ ದೇ ಕಮ್ ಟು ಮೈ ಹೌಸ್’. ನಮ್ಮ ಮಾತಲ್ಲಿ ಹೇಳುವುದಾದರೆ, ನಮ್ಮನೆಗೆ ಬಂದವರು ಉಣ್ಣದೆ ಹೋಗೋ ಹಾಗಿಲ್ಲ. ಬರೆದಾಕೆ ಜೀನ್ ಬರ್ನ್ಸ್. 1940ರ ದಶಕದ ಕೊನೆಯ ಹೊತ್ತಿಗೆ ಹಾಡಿದವನು ಅಮೆರಿಕದ ಜಾಝ್ ಹಾಡುಗಾರ ಕ್ಯಾಬ್ ಕ್ಯಾಲೊವೇ. ನೆನಪಾಯಿತಾ? ಬಿಳಿ ಕೋಟು, ಹಾರಾಡುವ ಕೂದಲು, ‘ಹೈ ಡಿ ಹೋ’ ಎಂದು ತಾನೂ ಕೂಗಿ ಜನರಿಂದಲೂ ಕೂಗಿಸುವವನು. ಅವನೇ.

ಹಾಡಿನಲ್ಲಿ ಕಥೆ ಅಂತ ಏನೂ ಇಲ್ಲ. ಮನೆ ತುಂಬ ನೆಂಟರು, ಮೇಜಿನ ತುಂಬ ತಿಂಡಿ. ಯಜಮಾನ ಒಬ್ಬೊಬ್ಬರನ್ನೇ ಕರೆದು ಉಪಚಾರ ಮಾಡುತ್ತಾನೆ. ಹ್ಯಾನಾಗೆ ಬನಾನಾ. ಟಾಮಿಗೆ ಸಲಾಮಿ. ಡೇವಿಯ ಹತ್ತಿರ ಗ್ರೇವಿ. ಟೊಮೇಟೊ ಕೊಡಬೇಕು ಅಂತ ಪ್ಲೇಟೊ ಎಂಬ ಹೆಸರಿನ ನೆಂಟನನ್ನೂ ಹುಡುಕಿ ಕೂರಿಸಿದ್ದಾರೆ! ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಬಾಣಲೆ ಹಾಗೇ ಸಿಂಕಿನಲ್ಲಿ ಬಿಟ್ಟು ನಕ್ಕಿದ್ದೆ. ಆಮೇಲೆ ಗಮನಿಸಿದೆ, ಆ ಮೇಜಿನ ಮೇಲೆ ಇಟಲಿಯವರ ಮಾಂಸದ ತಿಂಡಿ ಸಲಾಮಿ ಇದೆ, ಯಹೂದಿಗಳ ಬಳೆಯಂಥ ಬ್ರೆಡ್ಡು ಬೇಗಲ್ ಇದೆ. ನ್ಯೂಯಾರ್ಕಿಗೆ ಹಡಗು ಹತ್ತಿ ಬಂದವರ ಅಡುಗೆಮನೆಗಳೆಲ್ಲ ಒಂದೇ ಮನೆಯಲ್ಲಿ ಸೇರಿವೆ.

ಆಗಿನ್ನೂ ಗ್ರಾಮಫೋನ್ ಪ್ಲೇಟಿನ ಕಾಲ. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಅಷ್ಟರಲ್ಲೇ ಎಲ್ಲರಿಗೂ ಬಡಿಸಿ ಮುಗಿಸಬೇಕು. ಹಾಗಂತ ಅವಸರ ಕಾಣುವುದಿಲ್ಲ. ಅದಕ್ಕೆ ಸ್ವಿಂಗ್ ಎಂಬ ಜಾಝ್ ಲಯ ಕಾರಣ. ಸ್ವಿಂಗ್‌ನಲ್ಲಿ ಒಂದು ಎಣಿಕೆಯನ್ನು ಎರಡು ಸಮಪಾಲು ಮಾಡುವುದಿಲ್ಲ. ಮೊದಲನೆಯದನ್ನು ಕೊಂಚ ಎಳೆಯುತ್ತಾರೆ, ಎರಡನೆಯದು ಚಿಕ್ಕದಾಗುತ್ತದೆ. ಡಾ-ಡ, ಡಾ-ಡ. ಜೋಕಾಲಿಯಲ್ಲಿ ಕೂತ ಹಾಗೆ. ನಾಲ್ಕು ನಾಲ್ಕಾಗಿ ಎಣಿಸುತ್ತಾ ಚಪ್ಪಾಳೆ ತಟ್ಟುವುದಾದರೆ ಒಂದು, ಮೂರಕ್ಕೆ ತಟ್ಟಬೇಡ. ಎರಡು, ನಾಲ್ಕಕ್ಕೆ ತಟ್ಟಿ ನೋಡು. ಹೆಗಲು ತಾನಾಗಿ ಕುಣಿಯುತ್ತದೆ.

ಇನ್ನೊಂದು ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲೂ ರೇಷನ್ ಇತ್ತು. 1943ರಿಂದ 1945ರ ಕೊನೆಯವರೆಗೆ ಮಾಂಸಕ್ಕೆ, 1947ರವರೆಗೂ ಸಕ್ಕರೆಗೆ. ಅಷ್ಟು ವರ್ಷ ಅಳೆದು ತೂಗಿ ತಿಂದವರು, ಯಾರೋ ‘ತಗೋ, ಇನ್ನೂ ತಗೋ’ ಅಂದಾಗ ಎಷ್ಟು ಹಿಗ್ಗಿರಬೇಡ! ಹಾಡಿನ ಖುಷಿಗೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಹಾಡಿದವನ ಬದುಕು. ಕ್ಯಾಲೊವೇಗೆ ಹೆಸರು ತಂದ ಜಾಗ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್. ಅಲ್ಲಿ ಹಾಡುವವರು, ಕುಣಿಯುವವರು ಕಪ್ಪು ಜನ. ಕೂತು ಉಣ್ಣುವ ಗಿರಾಕಿಗಳು ಬಿಳಿಯರು. ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋದರಂತೂ ಬಿಳಿಯರ ಹೋಟೆಲಿನಲ್ಲಿ ಇವರಿಗೆ ಊಟವೂ ಇಲ್ಲ, ಕೋಣೆಯೂ ಇಲ್ಲ. ಅದಕ್ಕೇ ಕ್ಯಾಲೊವೇ ತನ್ನ ವಾದ್ಯದವರಿಗಾಗಿ ರೈಲಿನ ಬೋಗಿಯನ್ನೇ ಗೊತ್ತುಮಾಡಿಕೊಂಡು ಊರೂರು ಸುತ್ತುತ್ತಿದ್ದ. ಅಂಥವನು ‘ನಮ್ಮನೆಗೆ ಬಂದವರೆಲ್ಲ ಉಣ್ಣುತ್ತಾರೆ’ ಎಂದು ಹಾಡುತ್ತಾನೆ. ‘ಎಲ್ಲರೂ’ ಎಂಬ ಆ ಮಾತು ಅವನ ಬಾಯಲ್ಲಿ ಬಂದಾಗ ನನಗೆ ಕೈ ನಿಂತುಹೋಗುತ್ತದೆ. ಅವನ ದನಿಯಲ್ಲಿ ಕಹಿ ಹುಡುಕಿದೆ. ಒಂಚೂರೂ ಇಲ್ಲ. ಬರೀ ಸಂಭ್ರಮ.

ನಿಮ್ಮಮ್ಮ ನೆನಪಾದರು. ಕ್ರಿಕೆಟ್ ಆಡಿ ಏಳೆಂಟು ಹುಡುಗರು ಹೇಳದೆ ಕೇಳದೆ ನಿಮ್ಮನೆಗೆ ನುಗ್ಗುತ್ತಿದ್ದೆವಲ್ಲ? ಅವರು ‘ಯಾರಿಗೆ ಸಾರು ಬೇಕು’ ಅಂತ ಒಟ್ಟಿಗೆ ಕೇಳಿದ್ದೇ ಇಲ್ಲ. ಸೌಟು ಹಿಡಿದು ಒಬ್ಬೊಬ್ಬನ ಮುಂದೆ ನಿಂತು, ಹೆಸರು ಹಿಡಿದು ಕರೆದು ಬಡಿಸುತ್ತಿದ್ದರು. ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಿಡುತ್ತಿದ್ದರು. ಈ ಹಾಡಿನಲ್ಲೂ ಅದೇ ಇದೆ. ತಿಂಡಿಯ ಪಟ್ಟಿ ಬೇಕಿದ್ದರೆ ಯಾವ ಹೋಟೆಲಿನ ಗೋಡೆಯ ಮೇಲಾದರೂ ಸಿಗುತ್ತದೆ. ಅದರ ಪಕ್ಕ ನಮ್ಮ ಹೆಸರು ಇರುವುದಿಲ್ಲ, ಅಲ್ವಾ?

ಕೇಳಿ ಕೇಳಿ ನಾನೂ ಪ್ರಾಸ ಕಟ್ಟಲು ಶುರು ಮಾಡಿದ್ದೇನೆ. ಇಂಗ್ಲಿಷಿನವರು ಪದದ ತುದಿ ನೋಡುತ್ತಾರೆ. ನಮ್ಮ ಹಳೆಯ ಕವಿಗಳು ಎರಡನೆಯ ಅಕ್ಷರ ನೋಡುತ್ತಿದ್ದರು. ನಾನು ಎರಡನ್ನೂ ಬಿಟ್ಟಿಲ್ಲ. ‘ಸಾರು ಸಾಕಾ, ಚಾರು? ಒಬ್ಬಟ್ಟು ಬೇಕಾ, ಕಿಟ್ಟು? ಮಜ್ಜಿಗೆ ಕುಡಿ, ಅಜ್ಜಿ!’ ಮಗಳಿಗೆ ಇದು ಎಷ್ಟು ಹಿಡಿಸಿದೆ ಅಂದರೆ, ಈಗ ಪ್ರಾಸ ಹೇಳದೆ ಅವಳ ತಟ್ಟೆಗೆ ಏನೂ ಹಾಕುವಂತಿಲ್ಲ.

ಇವತ್ತು ರಾತ್ರಿ ಪಾರ್ಸೆಲ್ ಬಿಚ್ಚುವ ಮೊದಲು ಈ ಹಾಡು ಹಾಕು. ಜೋರಾಗಿ ಹಾಕು. ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಒಳಗೆ ಕರೆದು ಒಂದು ತಟ್ಟೆ ಇಡು. ಕೇಳಿ ಮುಗಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಯುಗಾದಿಗೆ ನೀನು ಬರುವಷ್ಟರಲ್ಲಿ ನಿನ್ನ ಹೆಸರಿಗೆ ಹೊಂದುವ ಒಂದು ತಿಂಡಿ ಹುಡುಕಬೇಕು. ಇನ್ನೂ ಸಿಕ್ಕಿಲ್ಲ.

ನಿನ್ನ,
ಹಳೇ ಬೆಂಚಿನ ಗೆಳೆಯ